ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್: ಆಪರೇಷನ್ನಾ, ರೇಡಿಯೇಷನ್ನಾ, ಕಾಯೋದಾ?

ಡೊಂಬಿವ್ಲಿ ಹುಡುಗ: ಅಪ್ಪನಿಗೆ 67 ವರ್ಷ. ಶುಗರ್ ಇದೆ. ಪಿಎಸ್‌ಎ (ರಕ್ತದಲ್ಲಿ ನೋಡುವ ಪ್ರಾಸ್ಟೇಟ್ ಪ್ರೋಟೀನ್) 8.6, ಬಯಾಪ್ಸಿಯಲ್ಲಿ ಗ್ಲೀಸನ್ 3+4 (ಕ್ಯಾನ್ಸರ್ ಎಷ್ಟು ಉಗ್ರ ಅನ್ನೋ ಅಂಕ; ಹೆಚ್ಚಿನ ಪಾಲು 3, ಉಳಿದದ್ದು ಅದಕ್ಕಿಂತ ಉಗ್ರವಾದ 4). ಎಂಆರ್‌ಐ ನೋಡಿದರೆ ರೋಗ ಪ್ರಾಸ್ಟೇಟ್ ಗ್ರಂಥಿಯ ಹೊರಗೆ ಹೋಗಿಲ್ಲ. ಸರ್ಜನ್ ರೋಬೋಟಿಕ್ ಆಪರೇಷನ್ ಅಂದರು. ರೇಡಿಯೇಷನ್ ಡಾಕ್ಟರು 20 ಸಿಟಿಂಗ್ ಸಾಕು ಅಂದರು. ಊರಿಂದ ದೊಡ್ಡಪ್ಪ ದಿನಾ ಫೋನ್ ಮಾಡಿ "ಮೊದಲು ತೆಗೆಸಿಬಿಡು ಮಾರಾಯ" ಅನ್ನುತ್ತಾರೆ. ಈ ವಾರವೇ ನಿರ್ಧಾರ ಮಾಡಬೇಕಾ?

ಮಾಟುಂಗಾ ಮಾವ: ನಿಮ್ಮ ದೊಡ್ಡಪ್ಪ ಹೇಳಿದ್ದೇ ಸರಿ. ನಾನೂ ತೆಗೆಸಿಕೊಂಡವನು. ತೆಗೆದ ಗ್ರಂಥಿಯನ್ನು ಪೂರ್ತಿ ಪರೀಕ್ಷೆ ಮಾಡುತ್ತಾರೆ, ಬಯಾಪ್ಸಿ ಸೂಜಿಗೆ ಸಿಗದ್ದೂ ಗೊತ್ತಾಗುತ್ತದೆ. ಪಿಎಸ್‌ಎ ಸೊನ್ನೆಯ ಹತ್ತಿರ ಬರಬೇಕು. ಮುಂದೆ ಏರಿದರೆ ರೇಡಿಯೇಷನ್ ಇದ್ದೇ ಇದೆ. ಮೊದಲೇ ರೇಡಿಯೇಷನ್ ಕೊಟ್ಟು ಆಮೇಲೆ ಆಪರೇಷನ್ ಅಂದ್ರೆ ಸರ್ಜನ್‌ಗಳೇ ಹಿಂದೆ ಸರಿಯುತ್ತಾರೆ, ಒಳಗೆಲ್ಲ ಅಂಟಿಕೊಂಡಿರುತ್ತದೆ.

ಪುಣೆ ಅಕ್ಕ: ಮಾವ, ಅರ್ಧ ಹೇಳಿ ಬಿಟ್ಟಿರಲ್ಲ. ಕ್ಯಾತಿಟರ್ (ಮೂತ್ರದ ನಳಿಕೆ) ತೆಗೆದ ಮೇಲಿನ ಕತೆ?

ಮಾಟುಂಗಾ ಮಾವ: ಮೂತ್ರ ಸೋರುತ್ತಿತ್ತು, ಕೆಲವು ತಿಂಗಳು ಪ್ಯಾಡ್ ಹಾಕಿದೆ. ಲೋಕಲ್‌ನಲ್ಲಿ ಹೋಗುವಾಗ ಕಪ್ಪು ಪ್ಯಾಂಟೇ ಆಗಬೇಕು, ಬ್ಯಾಗಿನಲ್ಲಿ ಇನ್ನೊಂದು ಜೊತೆ ಇರಬೇಕು. ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯು ಬಿಗಿ ಹಿಡಿದು ಬಿಡೋದು) ಮಾಡಿ ಸುಧಾರಿಸಿತು. ಈಗಲೂ ಜೋರಾಗಿ ಸೀನಿದರೆ ಒಂದೆರಡು ಹನಿ. ಇನ್ನೊಂದು ವಿಷಯ ಇಲ್ಲಿ ಬರೆಯಲ್ಲ.

ಪುಣೆ ಅಕ್ಕ: ನಾನು ಬರೆಯುತ್ತೇನೆ. ಗಂಡ ಹೆಂಡತಿ ಸಂಬಂಧಕ್ಕೆ ಎರಡರಲ್ಲೂ ಪೆಟ್ಟು ಬೀಳಬಹುದು. ಆಪರೇಷನ್‌ನಲ್ಲಿ ಕೂಡಲೇ, ರೇಡಿಯೇಷನ್‌ನಲ್ಲಿ ನಿಧಾನವಾಗಿ. ರೇಡಿಯೇಷನ್‌ನಲ್ಲಿ ಮೂತ್ರ ಉರಿ, ಪದೇ ಪದೇ ಎದ್ದು ಹೋಗೋದು, ಕೆಲವರಿಗೆ ಮಲದಲ್ಲಿ ರಕ್ತ. ಡಾಕ್ಟರ ಎದುರು ನಾಚಿಕೊಂಡು ಕೂತರೆ ಆಗೋ ಕೆಲಸ ಅಲ್ಲ ಇದು.

ಖಾರ್ಘರ್ ವಾಸಿ: ಗಡಿಬಿಡಿ ಯಾಕೆ? ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರನ್ನು ಮೂರು ಗುಂಪು ಮಾಡಿದ್ದರು: ನಿಗಾ (ಕೂಡಲೇ ಚಿಕಿತ್ಸೆ ಇಲ್ಲದೆ ಆಗಾಗ ಪರೀಕ್ಷೆ), ಆಪರೇಷನ್, ರೇಡಿಯೇಷನ್. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಯಾವ ಗುಂಪಲ್ಲೂ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಮೂವರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ನೂರಕ್ಕೆ 9 ಜನರಿಗೆ ಬೇರೆ ಕಡೆ ಹರಡಿತ್ತು, ಉಳಿದೆರಡರಲ್ಲಿ 5.

ಮಾಟುಂಗಾ ಮಾವ: ಅಲ್ಲಿ ಪಿಎಸ್‌ಎ ತಪಾಸಣೆಗೆ ಕರೆದು ರೋಗ ಹುಡುಕಿದ್ದು. ಮುಕ್ಕಾಲು ಪಾಲು ಜನರದ್ದು ಕಡಿಮೆ ಉಗ್ರದ 3+3. ನಮ್ಮವರು ಮೂತ್ರ ಕಟ್ಟಿದ ಮೇಲೆ ಡಾಕ್ಟರ ಹತ್ತಿರ ಓಡುವವರು. ಆ ಲೆಕ್ಕ ಇಲ್ಲಿಗೆ ಹಾಗೇ ತಂದರೆ ಹೇಗೆ?

ಖಾರ್ಘರ್ ವಾಸಿ: ಒಪ್ಪಿದೆ. 3+4 ಇದ್ದವರು ಸುಮ್ನೆ ಕಾಯಲಿ ಅಂತ ನಾನೂ ಹೇಳಲ್ಲ. ಆದರೆ ಆ 4 ಎಷ್ಟು ಪಾಲು? ನೂರಕ್ಕೆ ಐದಾ, ನಲವತ್ತಾ? ರಿಪೋರ್ಟ್‌ನಲ್ಲಿ ಬರೆಯದಿದ್ದರೆ ಕೇಳಿ. ಬಯಾಪ್ಸಿಯ ಸ್ಲೈಡ್, ಬ್ಲಾಕ್ (ಮೇಣದಲ್ಲಿಟ್ಟ ತುಣುಕು) ತೆಗೆದುಕೊಂಡು ಪರೇಲ್‌ನ ಟಾಟಾ ಆಸ್ಪತ್ರೆಯಲ್ಲಿ ಮತ್ತೊಮ್ಮೆ ನೋಡಿಸಿ. ಅದಕ್ಕೆ ಹಿಡಿಯುವ ಕೆಲವು ವಾರಗಳಲ್ಲಿ ಈ ಹಂತದ ರೋಗ ಕೈಮೀರಿ ಹೋಗಲ್ಲ.

ವಸಾಯಿ ಭಾವ: ಓಡಾಟದ ಬಗ್ಗೆ ಯಾರೂ ಮಾತಾಡಲಿಲ್ಲ. 20 ಸಿಟಿಂಗ್ ಅಂದ್ರೆ ವಾರಕ್ಕೆ ಐದು ದಿನ, ನಾಲ್ಕು ವಾರ. ಪ್ರತಿ ಸಲ ಮೂತ್ರಕೋಶ ತುಂಬಿರಬೇಕು. ನಮ್ಮ ಸ್ವಂತ ಮಾವ ಮನೆಯಲ್ಲೇ ನೀರು ಕುಡಿದು ಹೊರಟು, ಅರ್ಧ ದಾರಿಯಲ್ಲೇ ಗಾಡಿಯಿಂದ ಇಳಿದು ಶೌಚಾಲಯ ಹುಡುಕಿದರು. ನೀರು ಆಸ್ಪತ್ರೆ ತಲುಪಿದ ಮೇಲೆ ಕುಡಿಸಿ. ಐದೇ ಸಿಟಿಂಗ್‌ನಲ್ಲಿ ಮುಗಿಸುವ ಎಸ್‌ಬಿಆರ್‌ಟಿ (ಪ್ರತಿ ಸಲ ಹೆಚ್ಚು ಡೋಸ್ ಕೊಡುವ ರೇಡಿಯೇಷನ್) ಕೂಡ ಇದೆ, ಅಪ್ಪನಿಗೆ ಆಗುತ್ತಾ ವಿಚಾರಿಸಿ.

ಪುಣೆ ಅಕ್ಕ: ಅಪ್ಪನನ್ನು ಕೇಳಿದ್ರಾ?

ಡೊಂಬಿವ್ಲಿ ಹುಡುಗ: ಈಗಷ್ಟೇ ಕೇಳಿದೆ ಅಕ್ಕ. "ಪ್ಯಾಡ್ ಕಟ್ಟಿಕೊಂಡು ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಚಿಲ್ಲರೆ ಕೊಡೋದು ನನ್ನಿಂದಾಗದು" ಅಂದರು. ಅಮ್ಮ ಏನೂ ಹೇಳಲಿಲ್ಲ. ಸದ್ಯಕ್ಕೆ ರೇಡಿಯೇಷನ್ ಕಡೆಗೆ ವಾಲಿದ್ದೇವೆ.

ಮಾಟುಂಗಾ ಮಾವ: ಅವರ ಮೈ, ಅವರ ಮಾತು. ನಾನಾದರೆ ಇವತ್ತೂ ತೆಗೆಸುತ್ತಿದ್ದೆ. ಒಂದು ನೆನಪಿಡಿ, ರೇಡಿಯೇಷನ್ ಜೊತೆ ಕೆಲವರಿಗೆ ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಕೊಡುತ್ತಾರೆ. ಮೈ ಬಿಸಿ ಬಿಸಿ ಆಗುತ್ತದೆ, ಶುಗರ್ ಏರಬಹುದು.

ಖಾರ್ಘರ್ ವಾಸಿ: 3+4 ಇರುವ ಎಲ್ಲರಿಗೂ ಅದು ಬೇಕಾಗಲ್ಲ. ಬೇಕಾದರೂ ಸಾಮಾನ್ಯವಾಗಿ 4ರಿಂದ 6 ತಿಂಗಳು. ಸ್ಲೈಡ್ ರಿಪೋರ್ಟ್ ಬಂದ ಮೇಲೆ ಈ ಪ್ರಶ್ನೆ ಕೇಳಿ, ಶುಗರ್ ಫೈಲೂ ಜೊತೆಗಿರಲಿ.