ಸ್ಪೇನ್‌ನ ಮಾರ್ ಮೆನೊರ್ ಹತ್ತಿರದ ಗಾಲ್ಫ್ ರೆಸಾರ್ಟಿಗೆ ಹೋಗಿ ನೆಲೆಸೋದು: ವೀಸಾ, ಮನೆ, ಚಳಿಗಾಲ?

ಕುವೆಂಪುನಗರ61: ನನಗೆ 61, ಮನೆಯವರಿಗೆ 58. ಮೈಸೂರಿನ ಮನೆ ಬಾಡಿಗೆ ಮತ್ತು ಎಫ್‌ಡಿ ಬಡ್ಡಿಯೇ ಆದಾಯ. ಮುರ್ಸಿಯಾ ಪ್ರಾಂತ್ಯದ ಮಾರ್ ಮೆನೊರ್ ಅನ್ನೋ ಉಪ್ಪುನೀರಿನ ಸರೋವರದ ಹತ್ತಿರ, ಕಡಲತೀರದ ರೆಸಾರ್ಟ್ ಒಂದರಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ನೋಡ್ತಿದ್ದೀವಿ. ಕೊಂಡರೆ ವೀಸಾ ಸಿಗುತ್ತೆ ಅಂತ ಏಜೆಂಟ್ ಹೇಳ್ತಾರೆ. ನಿಜವಾ? ವರ್ಷಪೂರ್ತಿ ಅಲ್ಲಿರೋಕೆ ಏನೇನು ನೋಡ್ಕೋಬೇಕು?

ಲೆಕ್ಕದಪುಸ್ತಕ: ಇಲ್ಲ ಸರ್. ಮನೆ ಕೊಂಡವರಿಗೆ ಕೊಡ್ತಿದ್ದ ಗೋಲ್ಡನ್ ವೀಸಾ 2025ರ ಏಪ್ರಿಲ್ 3ಕ್ಕೆ ನಿಂತುಹೋಯ್ತು. ಇನ್ನೂ ಅದನ್ನೇ ಹೇಳಿ ಮಾರುವವರನ್ನು ದೂರ ಇಡಿ.

ನಿಮಗೆ ಹೊಂದೋದು ನಾನ್-ಲುಕ್ರೇಟಿವ್ ವೀಸಾ. ಇದರಲ್ಲಿ ಕೆಲಸ ಮಾಡೋಹಾಗಿಲ್ಲ, ಆನ್‌ಲೈನ್ ಕನ್ಸಲ್ಟಿಂಗ್ ಕೂಡ ಬೇಡ. ಎಷ್ಟು ಆದಾಯ ತೋರಿಸಬೇಕು ಅನ್ನೋ ಲೆಕ್ಕ ನಿಂತಿರೋದು ಐಪ್ರೆಮ್ ಅನ್ನೋ ಸರ್ಕಾರಿ ಸೂಚ್ಯಂಕದ ಮೇಲೆ. 2025ರಲ್ಲಿ ಅದು ತಿಂಗಳಿಗೆ 600 ಯೂರೊ. ಅರ್ಜಿದಾರರಿಗೆ ಅದರ ನಾಲ್ಕು ಪಟ್ಟು, ಜೊತೆಗಾರರಿಗೆ ಒಂದು ಪಟ್ಟು: ಇಬ್ಬರಿಗೆ ವರ್ಷಕ್ಕೆ 36,000 ಯೂರೊ. ಜನ ಎಡವೋದು ನವೀಕರಣದಲ್ಲಿ. ಮೊದಲ ಕಾರ್ಡ್ ಒಂದು ವರ್ಷದ್ದು, ಮುಂದಿನದು ಎರಡು ವರ್ಷದ್ದು, ಹಾಗಾಗಿ ಆಗ 72,000 ತೋರಿಸಬೇಕು.

ಇಲ್ಲಿಂದ ದುಡ್ಡು ಕಳಿಸುವಾಗ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸೋಕೆ ರಿಸರ್ವ್ ಬ್ಯಾಂಕಿನ ಯೋಜನೆ) ಮಿತಿ ತಲೆಗೆ ವರ್ಷಕ್ಕೆ 2.5 ಲಕ್ಷ ಡಾಲರ್. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ 20% ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡೋ ತೆರಿಗೆ) ಹಿಡಿಯುತ್ತೆ. ರಿಟರ್ನ್ಸ್‌ನಲ್ಲಿ ವಾಪಸ್ ಪಡೀಬಹುದು, ಆದರೆ ಅಲ್ಲಿವರೆಗೆ ಆ ಹಣ ಕೈಗೆ ಸಿಗಲ್ಲ.

ತೆರಿಗೆಗೆ ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಮೀರಿದರೆ ಇಡೀ ವರ್ಷಕ್ಕೆ ನೀವು ಸ್ಪೇನ್ ನಿವಾಸಿ, ಅರ್ಧ ವರ್ಷ ಅನ್ನೋದು ಅಲ್ಲಿಲ್ಲ. ಜುಲೈ ಮೊದಲ ವಾರ ಕಳೆದು ಇಳಿದರೆ ಆ ವರ್ಷ ದಿನದ ಲೆಕ್ಕದಿಂದ ಪಾರು. ನಿವಾಸಿ ಆದಮೇಲೆ ಮೈಸೂರಿನ ಮನೆ, ಎಫ್‌ಡಿ ಇವುಗಳಲ್ಲಿ ಯಾವ ಬಗೆ 50,000 ಯೂರೊ ದಾಟುತ್ತೋ ಅದನ್ನು ಮೊದೆಲೊ 720 ಅನ್ನೋ ವಿದೇಶಿ ಆಸ್ತಿಯ ಫಾರಂನಲ್ಲಿ ಘೋಷಿಸಬೇಕು, ಮರುವರ್ಷದ ಮಾರ್ಚ್ 31ರೊಳಗೆ.

ಅಪೊಸ್ಟೀಲ್: ಕಾಗದಗಳ ಕ್ರಮ ತಪ್ಪಿದರೆ ಎರಡು ಸಲ ಖರ್ಚು. ಪಾಸ್‌ಪೋರ್ಟ್ ಕಚೇರಿಯ ಪಿಸಿಸಿ (ಪೊಲೀಸ್ ಕೇಸಿಲ್ಲ ಅನ್ನೋ ಪತ್ರ) ಮತ್ತು ಮದುವೆ ಸರ್ಟಿಫಿಕೇಟ್ ಮೊದಲು, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ (ಕಾಗದ ಅಸಲಿ ಅನ್ನೋ ದೃಢೀಕರಣ ಚೀಟಿ), ಕೊನೆಗೆ ಸ್ಪೇನ್ ಮಾನ್ಯ ಮಾಡಿದ ಅನುವಾದಕರಿಂದ ಸ್ಪ್ಯಾನಿಷ್ ಅನುವಾದ. ಅನುವಾದ ಮೊದಲೇ ಮಾಡಿಸಿಬಿಟ್ಟರೆ ಹಿಂದೆ ಅಂಟಿಸಿದ ಅಪೊಸ್ಟೀಲ್ ಚೀಟಿ ಅನುವಾದವಾಗದೆ ಉಳಿಯುತ್ತೆ, ಕೌಂಟರಿನಲ್ಲಿ ವಾಪಸ್ ಕೊಡ್ತಾರೆ. ಆರೋಗ್ಯ ವಿಮೆ ಸ್ಪೇನ್‌ನಲ್ಲಿ ಪರವಾನಗಿ ಇರೋ ಕಂಪನಿಯದ್ದೇ ಆಗಬೇಕು, ಕೋ-ಪೇ ಇರಬಾರದು, ವೇಟಿಂಗ್ ಪೀರಿಯಡ್ ಇರಬಾರದು. ಟ್ರಾವೆಲ್ ಇನ್ಶೂರೆನ್ಸ್ ನಡೆಯಲ್ಲ.

ಇಳಿದ ಒಂದು ತಿಂಗಳೊಳಗೆ ಟಿಐಇ ಅನ್ನೋ ವಿದೇಶಿಯರ ವಾಸದ ಕಾರ್ಡಿಗೆ ಅರ್ಜಿ: ಪುರಸಭೆಯಲ್ಲಿ ವಿಳಾಸ ನೋಂದಣಿ, ಇಎಕ್ಸ್-17 ಫಾರಂ, 790-012 ಶುಲ್ಕದ ರಸೀದಿ, ಬೆರಳಚ್ಚು. ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ವಿಮಾನದ ಟಿಕೆಟ್ ತಗೊಂಡ ದಿನದಿಂದಲೇ ಸೈಟ್ ನೋಡ್ತಿರಿ.

ಒಣಹಳ್ಳ: ಮೊದಲ ವರ್ಷ ಬಾಡಿಗೆಗೇ ಇರಿ. ಆಗಸ್ಟ್‌ನಲ್ಲಿ ಗಿಜಿಗುಡೋ ರೆಸಾರ್ಟು ಜನವರಿಯಲ್ಲಿ ಖಾಲಿ ಶಾಲೆ ಥರ ಇರುತ್ತೆ. ಒಳಗಿನ ಅಂಗಡಿ ಚಳಿಗಾಲದಲ್ಲೂ ತೆಗೆದಿರುತ್ತಾ ಅಂತ ಕೇಳಿ.

ಕೊಳ್ಳೋದೇ ಆದರೆ ನಿವಾಸಿಗಳ ಸಂಘದಿಂದ ಬಾಕಿ ಇಲ್ಲ ಅನ್ನೋ ಪತ್ರ ತರಿಸಿ. ಹಳೇ ಮಾಲೀಕನ ಬಾಕಿ (ಆ ವರ್ಷದ್ದು ಮತ್ತು ಹಿಂದಿನ ಮೂರು ವರ್ಷದ್ದು) ಮನೆಯ ಜೊತೆ ನಿಮ್ಮ ಮೇಲೆ ಬರುತ್ತೆ. ಗಾಲ್ಫ್ ಮೈದಾನ ಸಾಮಾನ್ಯವಾಗಿ ಬೇರೆ ಕಂಪನಿಯದ್ದು. ಮನೆ ಕೊಂಡ ಮಾತ್ರಕ್ಕೆ ಆಟ ಪುಕ್ಕಟೆ ಅಲ್ಲ. ನೆಲಮಹಡಿ ಬೇಡ, ತೇವ ಹಿಡಿಯುತ್ತೆ. ಹತ್ತಿರದಲ್ಲಿ ರಾಂಬ್ಲಾ, ಅಂದರೆ ಒಣಗಿದ ಹಳ್ಳ, ಇದೆಯಾ ಅಂತ ಪ್ರವಾಹದ ಸರ್ಕಾರಿ ನಕ್ಷೆಯಲ್ಲಿ ನೋಡಿ. 2019ರ ಸೆಪ್ಟೆಂಬರ್ ಮಳೆಗೆ ಮಾರ್ ಮೆನೊರ್ ದಡದ ಲಾಸ್ ಅಲ್ಕಾಸಾರೆಸ್ ಊರಿಗೆ ಊರೇ ಮುಳುಗಿತ್ತು.

ಕರೆಂಟಿನದು ಬೇರೆ ಕಥೆ. ಎಷ್ಟೋ ಫ್ಲಾಟಲ್ಲಿ ಮಂಜೂರಾದ ಲೋಡ್ 3.45 ಕಿಲೋವ್ಯಾಟ್. ಗೀಸರ್ 1.5, ಇಂಡಕ್ಷನ್ 2, ಬಿಸಿಗಾಳಿಯ ಎಸಿ 1 ಸೇರಿದರೆ ಬೆಳಗಿನ ತಿಂಡಿ ಹೊತ್ತಿಗೆ ಕರೆಂಟ್ ಹೋಗುತ್ತೆ. ಮೇನ್ ಸ್ವಿಚ್ ಇಳಿಸಿ, ಕೆಲವು ಸೆಕೆಂಡ್ ಬಿಟ್ಟು ಏರಿಸಿ. ಖಾಯಂ ಇರೋರು 4.6ಕ್ಕೋ 5.75ಕ್ಕೋ ಏರಿಸ್ಕೊಳ್ಳೋದೇ ವಾಸಿ. ಅಂದಹಾಗೆ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕೂಗಲ್ಲ, ಸ್ಟೀಲಿಂದು ಒಯ್ಯಿರಿ.

ಕುವೆಂಪುನಗರ61: ಧನ್ಯವಾದ. ಕಾರಿಲ್ಲದೆ ಆಗುತ್ತಾ?

ಒಣಹಳ್ಳ: ರೆಸಾರ್ಟ್ ಗೇಟಿನಿಂದ ಸೂಪರ್‌ಮಾರ್ಕೆಟ್ಟಿಗೆ ಕಾರು ಬೇಕೇ ಬೇಕು. ನಮ್ಮ ಲೈಸೆನ್ಸ್ ನಿವಾಸಿ ಆದಮೇಲೆ ಆರು ತಿಂಗಳಷ್ಟೇ ನಡೆಯುತ್ತೆ, ಬದಲಾಯಿಸಿ ಕೊಡಲ್ಲ. ಥಿಯರಿಯಲ್ಲಿ 30 ಪ್ರಶ್ನೆ, ಮೂರು ತಪ್ಪಿಗೆ ಮಾತ್ರ ಅವಕಾಶ, ಇಂಗ್ಲಿಷಿನಲ್ಲಿ ಬರೀಬಹುದು. ಆಮೇಲೆ ರಸ್ತೆ ಪರೀಕ್ಷೆ, ಅದೂ ಎಡಗೈ ಸ್ಟೀರಿಂಗ್ ಕಾರಲ್ಲಿ. ಅಲ್ಲಿ ಇಳಿದ ತಿಂಗಳೇ ಡ್ರೈವಿಂಗ್ ಸ್ಕೂಲಿಗೆ ಸೇರಿಬಿಡಿ.