ಸಹಾಯ ಬೇಕು: ಬಾಗುತ್ತಿರುವ 1958ರ ಫೋರ್ಡ್ ಪ್ರೊಮೋ ಮಾದರಿ

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಸಮೀಪ ನೆಲೆಸಿರುವ ನಾನು, ಹೊಸ ಕಾರುಗಳ ಪ್ರಚಾರಕ್ಕೆಂದು ಡೀಲರ್‌ಗಳು ಹಂಚುತ್ತಿದ್ದ 1/25 ಅಳತೆಯ ಪ್ರೊಮೋ ಮಾದರಿಗಳನ್ನು (ಕಾರಿನ ಪುಟ್ಟ ಪ್ಲಾಸ್ಟಿಕ್ ಪ್ರತಿಕೃತಿಗಳನ್ನು) ಹಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದ, ಎಎಂಟಿ ಕಂಪನಿ ತಯಾರಿಸಿದ 1958ರ ಫೋರ್ಡ್ ಫೇರ್‌ಲೇನ್‌ನ ಛಾವಣಿ ಈಚೆಗೆ ತಗ್ಗಿದ್ದು, ಬಾನೆಟ್‌ನ ಅಂಚು ಮೇಲಕ್ಕೆ ಬಾಗುತ್ತಿದೆ. 1960ರ ದಶಕದ ಆರಂಭದಲ್ಲಿ ಸ್ಟೈರೀನ್ ಎಂಬ ಬೇರೆ ಪ್ಲಾಸ್ಟಿಕ್ ಬಳಕೆಗೆ ಬರುವವರೆಗೆ ಇಂಥ ಮಾದರಿಗಳನ್ನು ಹೆಚ್ಚಾಗಿ ಅಸಿಟೇಟ್ ಪ್ಲಾಸ್ಟಿಕ್‌ನಲ್ಲಿ ತಯಾರಿಸುತ್ತಿದ್ದರು. ಅದು ಕಾಲಕ್ರಮೇಣ ಕುಗ್ಗಿ ಸೊಟ್ಟಗಾಗುತ್ತದೆ, ಬಿಸಿಯಿದ್ದಲ್ಲಿ ಇನ್ನೂ ಬೇಗ. ಬಿಸಿನೀರಿನಲ್ಲಿಟ್ಟು ನೇರಮಾಡುವಂತೆ ಪರಿಚಿತರೊಬ್ಬರು ಸಲಹೆ ನೀಡಿದರಾದರೂ, ಮೂಲ ಬಣ್ಣ ಒಮ್ಮೆ ಹಾಳಾದರೆ ಮರಳಿ ಬಾರದೆಂಬ ಭಯದಿಂದ ನಾನು ಒಪ್ಪಿಲ್ಲ. ಅಸಿಟೇಟ್ ಮಾದರಿಗಳನ್ನು ಕಾಪಾಡಿದ ಅನುಭವವುಳ್ಳವರು, ಈ ಬಾಗುವಿಕೆಯನ್ನು ಇಷ್ಟಕ್ಕೇ ತಡೆಯಲು ಎಷ್ಟು ತಾಪಮಾನ, ತೇವಾಂಶ ಸೂಕ್ತ, ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿಡಬಹುದೇ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.