ಸ್ಪಾರ್ಕ್ ಮೆಷಿನ್ ಕೊಳ್ಳಲೇ, ವೈರ್ ಕಟ್‌ಗೆ ಕಾಯಲೇ? ಅನುಭವವಿದ್ದವರು ಹೇಳಿ

ಹುಬ್ಬಳ್ಳಿಯ ತಾರಿಹಾಳದಲ್ಲಿ ನನ್ನದೊಂದು ಸಣ್ಣ ಪ್ರೆಸ್ ಟೂಲ್ ವರ್ಕ್‌ಶಾಪ್ ಇದೆ. ಲೇಥ್, ಮಿಲ್ಲಿಂಗ್, ಸರ್ಫೇಸ್ ಗ್ರೈಂಡರ್ ಇವೆ. ಈಚೆಗೆ ಬ್ಲ್ಯಾಂಕಿಂಗ್ ಡೈಗಳ, ಅಂದರೆ ತಗಡಿನಿಂದ ಆಕಾರ ಕತ್ತರಿಸುವ ಅಚ್ಚುಗಳ ಕೆಲಸ ಹೆಚ್ಚಾಗಿದೆ. ಡಿ2 ಉಕ್ಕನ್ನು ಹಾರ್ಡನಿಂಗ್ ಮಾಡಿಸಿದ ಮೇಲೆ ನಮ್ಮ ಕಟರ್‌ಗಳು ಸೋಲುತ್ತವೆ. ಎಲೆಕ್ಟ್ರೋಡ್‌ನಿಂದ ಕಿಡಿ ಹಾರಿಸಿ ಲೋಹ ಕೊರೆಯುವ ಹಳೆಯ ಸ್ಪಾರ್ಕ್ ಮೆಷಿನ್ ಒಂದು ಕೈಗೆಟಕುವ ಬೆಲೆಗೆ ಬಂದಿದೆ. ಅದನ್ನು ಕೊಳ್ಳಲೇ, ತಂತಿಯಿಂದ ಕಿಡಿ ಹಾರಿಸಿ ಕತ್ತರಿಸುವ ವೈರ್ ಕಟ್ ಯಂತ್ರಕ್ಕೆ ಕಾಯಲೇ?

ಗೋಕುಲ ರಸ್ತೆಯ ಟೂಲ್‌ರೂಮಿನಿಂದ:
ಬೆಲೆಯನ್ನು ಆಮೇಲೆ ನೋಡಿ ಸರ್, ಮೊದಲು ನಿಮ್ಮ ಡ್ರಾಯಿಂಗ್‌ಗಳನ್ನು ಎರಡು ಗುಡ್ಡೆ ಮಾಡಿ. ಮೇಲಿನಿಂದ ಕೆಳಗಿನವರೆಗೆ ತೂರಿಹೋಗುವ ಆಕಾರಗಳು ಒಂದು ಕಡೆ, ತಳವಿರುವ ಗುಳಿಗಳು ಇನ್ನೊಂದು ಕಡೆ. ಮೊದಲನೆಯದು ವೈರ್ ಕಟ್‌ನ ಕೆಲಸ, ಎರಡನೆಯದು ಸ್ಪಾರ್ಕ್‌ನದು. ಬ್ಲ್ಯಾಂಕಿಂಗ್ ಡೈಯನ್ನೂ ಸ್ಪಾರ್ಕ್‌ನಲ್ಲಿ ತೆಗೆಯಬಹುದು, ನಾನೇ ವರ್ಷಗಟ್ಟಲೆ ತೆಗೆದಿದ್ದೇನೆ. ಆದರೆ ಪ್ರತಿ ಆಕಾರಕ್ಕೂ, ಅದಕ್ಕಿಂತ ಕಿಡಿ ಹಾರುವ ಸಂದಿನಷ್ಟು ಮಾತ್ರ ಚಿಕ್ಕದಾದ ತಾಮ್ರದ ಎಲೆಕ್ಟ್ರೋಡ್ ಮಾಡಬೇಕು. ಅದರ ಮೂಲೆಗಳು ಮೊದಲು ಸವೆಯುತ್ತವೆ, ಫಿನಿಶಿಂಗ್‌ಗೆ ಇನ್ನೊಂದು ಬೇಕಾಗುತ್ತದೆ. ತಾಮ್ರದ ಲೆಕ್ಕ ಹಾಕಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಿಂದ:
ವೈರ್ ಕಟ್ ಅನ್ನು ಈಗಲೇ ಕೊಳ್ಳಬೇಡಿ, ಆರು ತಿಂಗಳು ಹೊರಗಿನವರಿಗೆ ಜಾಬ್ ವರ್ಕ್ ಕೊಡಿ. ಸಾಮಾನ್ಯವಾಗಿ ಕತ್ತರಿಸುವ ಉದ್ದವನ್ನು ದಪ್ಪದಿಂದ ಗುಣಿಸಿ, ಚದರ ಮಿಲಿಮೀಟರ್ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆ. ಆ ಬಿಲ್ಲುಗಳೇ ನಿಮಗೆ ಉತ್ತರ ಹೇಳುತ್ತವೆ. ಯಂತ್ರ ಯಾವುದೆಂದೂ ಕೇಳಿ. 0.18 ಮಿಮೀ ಮಾಲಿಬ್ಡಿನಮ್ ತಂತಿಯನ್ನು ಹಿಂದೆ ಮುಂದೆ ಓಡಿಸಿ ಮತ್ತೆ ಮತ್ತೆ ಬಳಸುವ ಯಂತ್ರ ಅಗ್ಗ. 0.25 ಮಿಮೀ ಹಿತ್ತಾಳೆ ತಂತಿ ಒಮ್ಮೆ ಓಡಿದರೆ ಗುಜರಿಗೆ, ಖರ್ಚು ಹೆಚ್ಚು, ಆದರೆ ಮೈ ನುಣುಪಾಗಿ ಬರುತ್ತದೆ.

ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ತಂತಿ ಪೋಣಿಸಲು ತೂತು ಹೊಡೆಯದೆಯೇ ಬ್ಲಾಕನ್ನು ಹಾರ್ಡನಿಂಗ್‌ಗೆ ಕಳಿಸಿದೆ. ಕಲ್ಲಾಗಿ ಬಂತು. ಅವಸರಕ್ಕೆ ಅಂಚಿನಿಂದಲೇ ಸೀಳಲು ಹೊರಟರೆ ಒಳಗಿನ ಬಿಗುವು ಬಿಚ್ಚಿಕೊಂಡು, ಸೀಳು ಮುಚ್ಚಿ ತಂತಿಯನ್ನು ಕಚ್ಚಿತು. ಎರಡನೆಯ ಬ್ಲಾಕಿಗೆ, ಕಿಡಿಯಿಂದಲೇ ತೂತು ಕೊರೆಯುವ ಡ್ರಿಲ್ ಇಡಿಎಂ ಯಂತ್ರ ಹುಡುಕಿಕೊಂಡು ಹೋದೆ. ತಿರುಗುವ ಹಿತ್ತಾಳೆ ಕೊಳವೆಯ ಒಳಗಿಂದ ನೀರು ಚಿಮ್ಮಿಸುತ್ತ, 1 ಮಿಮೀ ತೂತನ್ನು ಚಹಾ ಮುಗಿಯುವಷ್ಟರಲ್ಲಿ ಕೊರೆದುಕೊಟ್ಟರು.

ಗದಗಿನ ನಿವೃತ್ತ ಉಪನ್ಯಾಸಕ:
ಈ ಮೂರು ಯಂತ್ರಗಳದೂ ಒಂದೇ ಮೂಲ. ಉಪಕರಣ ಲೋಹವನ್ನು ಮುಟ್ಟುವುದಿಲ್ಲ, ಕೂದಲೆಳೆಯ ಸಂದಿನಲ್ಲಿ ಹಾರುವ ಕಿಡಿ ಅದನ್ನು ಕರಗಿಸಿ ತೆಗೆಯುತ್ತದೆ. ಹಾಗಾಗಿ ಗಡಸುತನ ಅಡ್ಡಿಯಲ್ಲ, ವಿದ್ಯುತ್ ಹರಿದರೆ ಸಾಕು. ಸೋವಿಯತ್ ಒಕ್ಕೂಟದ ಲಜರೆಂಕೊ ದಂಪತಿ ಹೊರಟಿದ್ದು ಸ್ವಿಚ್ಚುಗಳ ಲೋಹವನ್ನು ಕಿಡಿ ತಿನ್ನುವುದನ್ನು ತಡೆಯಲು. ತಡೆಯಲಾಗಲಿಲ್ಲ. 1943ರಲ್ಲಿ ಆ ತಿನ್ನುವಿಕೆಯನ್ನೇ ಕೆಲಸಕ್ಕೆ ಹಚ್ಚಿದರು.

ಹಾವೇರಿಯಿಂದ, ಕೃಷಿ ಯಂತ್ರಗಳ ರಿಪೇರಿ:
ಸ್ಪಾರ್ಕ್ ಮೆಷಿನ್ನನ್ನು ಅಷ್ಟು ಹಳಿಯಬೇಡಿ. ತೂತಿನೊಳಗೆ ಮುರಿದು ಕೂತ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ತೆಗೆಯಲು ಅದಕ್ಕೆ ಸಾಟಿಯಿಲ್ಲ. 8 ಮಿಮೀ ಟ್ಯಾಪಿಗೆ 4 ಮಿಮೀ ತಾಮ್ರದ ಕಡ್ಡಿ ಇಳಿಸಿದರೆ ನಡುವಿನ ತಿರುಳು ಹೋಗುತ್ತದೆ, ಉಳಿದ ಚೂರುಗಳನ್ನು ಮೊನೆಯಿಂದ ಕಿತ್ತರೆ ತೂತಿನ ಥ್ರೆಡ್‌ಗೆ ಏಟಿಲ್ಲ. ಜಾಬ್ ಮುಳುಗಿರುವ ಎಣ್ಣೆ ಮಾತ್ರ ಅದರ ಮೇಲೆ ಎರಡು ಇಂಚಾದರೂ ನಿಂತಿರಲಿ. ಒಮ್ಮೆ ಮಟ್ಟ ಇಳಿದದ್ದು ಕಾಣದೆ, ಕಿಡಿ ಎಣ್ಣೆಯ ಮೇಲ್ಮೈಗೆ ಬಂದು ಹೊತ್ತಿಕೊಂಡು ನನ್ನ ಹುಬ್ಬು ಸುಟ್ಟಿತು.

ಪ್ರಶ್ನೆ ಕೇಳಿದವನು:
ಗುಡ್ಡೆ ಮಾಡಿದೆ. 22ರಲ್ಲಿ 19 ತೂರಿಹೋಗುವಂಥವು. ಸ್ಪಾರ್ಕ್ ಮೆಷಿನ್ ಬೇಡವೆಂದು ಹೇಳಿದ್ದೇನೆ. ನಾಳೆ ಮೊದಲ ಬ್ಲಾಕ್ ಹಾರ್ಡನಿಂಗ್‌ಗೆ ಹೋಗುತ್ತಿದೆ, ತೂತು ಹೊಡೆದಾಗಿದೆ.